ಎರಡು ನದಿಗಳ ನಡುವಿನ ದಾಸರ ಊರುಗಳು
ಎಡದೊರೆ ನಾಡೆಂದರೆ ಕೃಷ್ಣೆ, ತುಂಗಭದ್ರೆಯರ ನಡುವಿನ ನೆಲ. ಕಪ್ಪು ಎರೆಭೂಮಿ, ನಡುನಡುವೆ ಬೋಳು ಕಲ್ಲುಗುಡ್ಡ. ಒಂದು ಮಳೆ ಬಿದ್ದರೆ ಸಾಕು, ಹೊಲದ ದಾರಿಯಲ್ಲಿ ಎರೆಮಣ್ಣು ಮೆಟ್ಟಿಗೆ ಮೆತ್ತಿ ಕಾಲೆತ್ತುವುದೇ ಕಷ್ಟ. ಇಂಥ ನೆಲದ ಮೂರು ಪುಟ್ಟ ಹಳ್ಳಿಗಳು ಕನ್ನಡದ ಹರಿದಾಸ ಸಾಹಿತ್ಯಕ್ಕೆ ಎರಡನೆಯ ಹುಟ್ಟು ಕೊಟ್ಟವು. ಮಾನ್ವಿ ಸೀಮೆಯಲ್ಲಿ ತುಂಗಭದ್ರೆಯ ದಂಡೆಯ ಮೇಲಿರುವ ಚೀಕಲಪರ್ವಿ 1682ರಲ್ಲಿ ಹುಟ್ಟಿದ ವಿಜಯದಾಸರ ಊರು. ಬಡತನದ ಮನೆಯಿಂದ ಹೊರಟು ಕಾಶಿಯವರೆಗೆ ತಿರುಗಿದ ಅವರು ಸುಳಾದಿ ಎಂಬ ಹಾಡುಗಳ ರಾಶಿಯನ್ನೇ ಬಿಟ್ಟುಹೋದರು. ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು ಅವರ ಶಿಷ್ಯರು. ಬ್ಯಾಗವಾಟದ ಜಗನ್ನಾಥದಾಸರದು ಬೇರೆಯೇ ಕಥೆ. ಸಂಸ್ಕೃತದಲ್ಲಿ ಮಹಾ ಪಂಡಿತರಾಗಿದ್ದ ಅವರಿಗೆ ಮೊದಲು ಕನ್ನಡದಲ್ಲಿ ಹಾಡುವ ದಾಸರೆಂದರೆ ತಾತ್ಸಾರ. ಹೊಟ್ಟೆನೋವಿನಿಂದ ಸಾವಿನಂಚಿಗೆ ಬಂದಾಗ ಗೋಪಾಲದಾಸರು ತಮ್ಮ ಆಯುಷ್ಯದ 40 ವರ್ಷಗಳನ್ನು ಧಾರೆಯೆರೆದರೆಂಬುದು ಐತಿಹ್ಯ. ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಆ ಪಂಡಿತರು ಮುಂದೆ ಭಾಮಿನಿ ಷಟ್ಪದಿಯಲ್ಲಿ ಹರಿಕಥಾಮೃತಸಾರ ಬರೆದದ್ದಂತೂ ನಿಜ. ಅವರು ಮುಂದೆ ನೆಲೆಸಿದ್ದ ಮಾನ್ವಿಯ ಮನೆಯಲ್ಲಿ ಇವತ್ತಿಗೂ ಒಂದು ಕಂಬಕ್ಕೆ ಪೂಜೆ ನಡೆಯುತ್ತದೆ. ದಾಸರು ಅದರಲ್ಲೇ ನೆಲೆಸಿದ್ದಾರೆಂದು ಭಕ್ತರ ನಂಬಿಕೆ. ಅರಮನೆಯಾಗಲಿ ರಾಜಾಶ್ರಯವಾಗಲಿ ಇಲ್ಲದೆ, ಬರಗಾಲಕ್ಕೆ ಹೆಸರಾದ ಸೀಮೆಯಲ್ಲಿ ಇಷ್ಟು ದೊಡ್ಡ ಪರಂಪರೆ ಬೆಳೆದದ್ದು ನನಗೆ ಹಂಪಿಯ ಗೋಪುರಗಳಿಗಿಂತ ಹೆಚ್ಚಿನ ಅಭಿಮಾನದ ಸಂಗತಿ. ರಾಯಚೂರಿನಲ್ಲಿ ಇಳಿದು ನೇರ ಮಂತ್ರಾಲಯಕ್ಕೆ ಹೋಗುವವರೇ, ಮುಂದಿನ ಸಲ ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ಬನ್ನಿ, ಈ ಮೂರೂ ಊರು ನೋಡಿಕೊಂಡು ಹೋಗಿ.