ಹಾಡು ಕೇಳೋಕೆ ಅಮ್ಮಂದಿರು ಬರ್ತಾರಾ?

"ಡಿಸೆಂಬರ್ 24ಕ್ಕೆ ಹಾಡು ಕೇಳೋಕೆ ಹೋಗ್ತಿದ್ದೀನಿ ಕಣಕ್ಕ" ಅಂತ ತಮ್ಮ ಫೋನಿನಲ್ಲಿ ಹೇಳಿದ್ದು 2019ರಲ್ಲಿ. ತಮ್ಮ ಅಂದರೆ ಚಿಕ್ಕಮ್ಮನ ಮಗ. ಕ್ಯಾಲಿಫೋರ್ನಿಯಾದಲ್ಲಿ ಸಾಫ್ಟ್‌ವೇರ್ ಕೆಲಸ.

"ಓಹೋ, ಯಾವಾಗಿಂದ ಚರ್ಚಿಗೆ ಹೋಗೋಕೆ ಶುರು ಮಾಡಿದ್ಯಪ್ಪಾ?" ಅಂದೆ.

"ಚರ್ಚಲ್ಲಕ್ಕ, ಥಿಯೇಟರು. ಹಾಡೋದು ಸ್ಯಾನ್ ಫ್ರಾನ್ಸಿಸ್ಕೋ ಗೇ ಮೆನ್ಸ್ ಕೋರಸ್" ಅಂದ. ಆಮೇಲೆ ಸುಮ್ಮನಾದ. ನಾನೂ ಸುಮ್ಮನಾದೆ. ಹೇಳಬೇಕಾದ್ದನ್ನ ಅವನು ಹೇಳಿ ಮುಗಿಸಿದ್ದ.

ಹಿಂದಿನ ವಾರವಷ್ಟೇ ಅವನಿಗೆ ಮೂರು ಹುಡುಗಿಯರ ಬಯೋಡೇಟಾ ವಾಟ್ಸಾಪ್ ಮಾಡಿದ್ದೆ. ಮೂರಕ್ಕೂ ಒಂದೊಂದು ಥಂಬ್ಸ್ ಅಪ್ ಒತ್ತಿ ಬಿಟ್ಟಿದ್ದ. ಅದೇ ನೆನಪಾಗಿ ಕಿವಿ ಬಿಸಿಯಾಯಿತು.

(ಇದನ್ನ ಬರೀಲಾ ಅಂತ ಅವನನ್ನೂ ಕೇಳಿದ್ದೇನೆ, ಚಿಕ್ಕಮ್ಮನನ್ನೂ ಕೇಳಿದ್ದೇನೆ. "ಹೆಸರೊಂದು ಹಾಕಬೇಡ, ಮಿಕ್ಕಿದ್ದು ಬರಿ" ಅಂದರು.)

ತಮ್ಮ ಚೆನ್ನಾಗಿ ಹಾಡುತ್ತಿದ್ದ. ಹೆಬ್ಬೂರಿನಲ್ಲಿ ಶನಿವಾರದ ಭಜನೆಯಲ್ಲಿ ದೊಡ್ಡವರೆಲ್ಲ ಒಂದು ಶ್ರುತಿಯಲ್ಲಿದ್ದರೆ ಇವನದು ಮೇಲೆ ಗಿಣಿಯ ಹಾಗೆ ಹಾರಾಡುತ್ತಿತ್ತು. ಹೈಸ್ಕೂಲಿಗೆ ಬಂದ ಮೇಲೂ ಧ್ವನಿ ಅಷ್ಟಾಗಿ ಒಡೆಯಲಿಲ್ಲ. ಹುಡುಗರು "ಏನಮ್ಮಾ" ಅಂತ ಕರೆಯೋಕೆ ಶುರು ಮಾಡಿದರು. ಒಂದು ಶನಿವಾರ ತಲೆನೋವು ಅಂದ, ಮುಂದಿನ ಶನಿವಾರ ಓದಬೇಕು ಅಂದ, ಆಮೇಲೆ ಭಜನೆ ಕಡೆ ತಲೆಯೇ ಹಾಕಲಿಲ್ಲ. ಓದಿನ ಮೇಲೆ ಗಮನ ಬಂತು ಅಂತ ಮನೆಯಲ್ಲಿ ಎಲ್ಲರಿಗೂ ಖುಷಿ. ಆ ಖುಷಿಯಲ್ಲಿ ನಾನೂ ಇದ್ದೆ.

ಆ ಫೋನಿನ ನಂತರ ನಾನು ಈ ತಂಡದ ಬಗ್ಗೆ ಓದಿದೆ. ಶುರುವಾದದ್ದು 1978ರಲ್ಲಿ. ತಾವು ಸಲಿಂಗಿಗಳು ಅನ್ನೋದನ್ನ ಹೆಸರಿನಲ್ಲೇ ಬರೆದುಕೊಂಡು ವೇದಿಕೆ ಹತ್ತೋದು ಆ ಕಾಲಕ್ಕೆ ಅಮೆರಿಕದಲ್ಲೂ ಸಣ್ಣ ಧೈರ್ಯ ಅಲ್ಲ. ಅಭ್ಯಾಸ ಶುರುವಾಗಿ ಇನ್ನೂ ತಿಂಗಳಾಗಿತ್ತಷ್ಟೇ, ನವೆಂಬರ್ 27ರಂದು ಆ ನಗರದ ಮೇಯರ್ ಜಾರ್ಜ್ ಮಾಸ್ಕೋನಿ ಮತ್ತು ಹಾರ್ವಿ ಮಿಲ್ಕ್ ಅವರನ್ನು ಗುಂಡಿಟ್ಟು ಕೊಂದರು. ಮಿಲ್ಕ್ ತಾನು ಸಲಿಂಗಿ ಅಂತ ಬಹಿರಂಗವಾಗಿ ಹೇಳಿಕೊಂಡೇ ಚುನಾವಣೆ ಗೆದ್ದಿದ್ದವರು. ಅವತ್ತು ರಾತ್ರಿ ಸಾವಿರಾರು ಜನ ಮೇಣದಬತ್ತಿ ಹಿಡಿದು ಸಿಟಿ ಹಾಲ್ ಮುಂದೆ ಸೇರಿದರು. ಅಲ್ಲಿನ ಮೆಟ್ಟಿಲ ಮೇಲೆ ನಿಂತು ಈ ತಂಡ ಹಾಡಿತು. ಜನರ ಮುಂದೆ ಅವರು ಮೊದಲ ಸಲ ಹಾಡಿದ್ದೇ ಒಂದು ಸಾವಿನ ದಿನ.

ಆಮೇಲೆ ಏಡ್ಸ್ ಬಂತು. ತಂಡ ಕಟ್ಟಿದ ಜಾನ್ ಸಿಮ್ಸ್ 1984ರಲ್ಲಿ ತೀರಿಕೊಂಡರು. 1993ರಲ್ಲಿ ತೆಗೆದ ಒಂದು ಫೋಟೋ ಇದೆ, ಹುಡುಕಿ ನೋಡಿ. ವೇದಿಕೆ ತುಂಬ ಗಂಡಸರು. ಬೆರಳೆಣಿಕೆಯಷ್ಟು ಜನ ಬಿಳಿ ಬಟ್ಟೆಯಲ್ಲಿ ನಮ್ಮ ಕಡೆ ಮುಖ ಮಾಡಿದ್ದಾರೆ, ಮಿಕ್ಕವರೆಲ್ಲ ಕಪ್ಪು ಬಟ್ಟೆಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದಾರೆ. ಬಿಳಿಯವರು ಮೊದಲ ತಂಡದಲ್ಲಿ ಉಳಿದವರು, ಬೆನ್ನು ತಿರುಗಿಸಿದವರು ಸತ್ತವರ ಲೆಕ್ಕಕ್ಕೆ ನಿಂತವರು.

ಗಂಡಸರ ಕೋರಸ್‌ನಲ್ಲಿ ಸಾಮಾನ್ಯವಾಗಿ ನಾಲ್ಕು ಗುಂಪು: ಫಸ್ಟ್ ಟೆನರ್, ಸೆಕೆಂಡ್ ಟೆನರ್, ಬ್ಯಾರಿಟೋನ್, ಬೇಸ್. ಇವರಲ್ಲಿ ಐದನೆಯದೂ ಇದೆ. ತೀರಿಕೊಂಡ ಸದಸ್ಯರನ್ನ 'ಫಿಫ್ತ್ ಸೆಕ್ಷನ್' ಅಂತ ಕರೀತಾರೆ. ಏಡ್ಸ್‌ನಿಂದ ಹೋದವರೇ 300ಕ್ಕೂ ಹೆಚ್ಚು ಜನ.

ಇಂಥ ತಂಡ ಕ್ರಿಸ್ಮಸ್ ಹಿಂದಿನ ಸಂಜೆ ಯಾಕೆ ಹಾಡುತ್ತೆ? ನಮ್ಮ ದೀಪಾವಳಿ, ಯುಗಾದಿ ನೆನಪಿಸಿಕೊಂಡರೆ ಅರ್ಥವಾಗುತ್ತೆ. ಮೆಜೆಸ್ಟಿಕ್ಕಿನಲ್ಲಿ ಕಾಲಿಡೋಕೆ ಜಾಗ ಇರಲ್ಲ, ಎಲ್ಲರೂ ಊರಿಗೆ ಹೊರಟಿರ್ತಾರೆ. ಅವತ್ತು ಊರಿಗೆ ಹೋಗಲಾರದವನು ಪಿಜಿಯಲ್ಲಿ ಒಬ್ಬನೇ ಕೂತರೆ ಮಾಮೂಲಿ ದಿನಕ್ಕಿಂತ ಹತ್ತು ಪಟ್ಟು ಒಂಟಿ. ಅಮೆರಿಕದಲ್ಲಿ ಕ್ರಿಸ್ಮಸ್ ಅಂಥ ಹಬ್ಬ. ಮನೆಯವರು ಬಾಗಿಲು ಹಾಕಿಕೊಂಡ ಎಷ್ಟೋ ಜನಕ್ಕೆ ಅವತ್ತು ಹೋಗೋಕೆ ಒಂದು ಜಾಗ ಬೇಕಿತ್ತು. 1922ರ ಹಳೇ ಸಿನಿಮಾ ಮಂದಿರ ಕ್ಯಾಸ್ಟ್ರೋ ಥಿಯೇಟರಿನಲ್ಲಿ ಈ ತಂಡ ವರ್ಷ ವರ್ಷ ಹಾಡುತ್ತಾ ಬಂದ ಆ ಕಾರ್ಯಕ್ರಮದ ಹೆಸರೇ 'ಹೋಮ್ ಫಾರ್ ದ ಹಾಲಿಡೇಸ್'. ಹಬ್ಬಕ್ಕೆ ಮನೆಗೆ.

ನಮ್ಮಲ್ಲೂ ಇಂಥದ್ದು ಇಲ್ಲ ಅಂತಲ್ಲ. ಮುಂಬಯಿಯಲ್ಲಿ ರೇನ್‌ಬೋ ವಾಯ್ಸಸ್ ಮುಂಬೈ ಅನ್ನೋ ಎಲ್‌ಜಿಬಿಟಿ ಗಾಯನ ತಂಡ ಹುಟ್ಟಿಕೊಂಡಿತು. ಅದಕ್ಕೂ ಎಷ್ಟೋ ಮುಂಚಿನಿಂದ ನಮ್ಮ ಬಳ್ಳಾರಿ, ಹೊಸಪೇಟೆ ಕಡೆ ಜೋಗತಿಯರು ಚೌಡಿಕೆ ಹಿಡಿದು ಎಲ್ಲಮ್ಮನ ಹಾಡು ಹಾಡುತ್ತಾ ಬಂದಿದ್ದಾರೆ. ಟ್ರಾನ್ಸ್‌ಜೆಂಡರ್ ಮತ್ತು ಗೇ ಎರಡೂ ಬೇರೆ ಬೇರೆ, ಕಲಸಿಕೊಳ್ಳಬೇಡಿ. ಆದರೆ ಹೆತ್ತ ಮನೆಯಲ್ಲಿ ಜಾಗ ಸಿಗದೆ ಭಿಕ್ಷೆ ಬೇಡಿ ದಿನ ದೂಡಿದ ಮಂಜಮ್ಮ ಜೋಗತಿ ಅವರಿಗೆ ಆಸರೆಯಾದದ್ದು ಕಾಳವ್ವ ಜೋಗತಿ ಅವರ ಹಾಡು-ಕುಣಿತದ ಮೇಳ. ಅವರೇ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಟಿವಿಯಲ್ಲಿ ಆ ಸಮಾರಂಭ ನೋಡಿ ನಮ್ಮ ಮನೆಯಲ್ಲೂ ಚಪ್ಪಾಳೆ ತಟ್ಟಿದ್ದೆವು. ಟಿವಿಯಲ್ಲಿ ಬಂದವರಿಗೆ ಚಪ್ಪಾಳೆ ತಟ್ಟೋದು ಸುಲಭ. ನಮ್ಮ ಮನೆ ಹುಡುಗ ಆದರೆ?

ಹೋದ ವರ್ಷ ದೀಪಾವಳಿಗೆ ತಮ್ಮ ಊರಿಗೆ ಬಂದಿದ್ದ. ನರಕ ಚತುರ್ದಶಿ ದಿನ ಎಣ್ಣೆ ನೀರು ಹಾಕಿಕೊಂಡು ಊಟಕ್ಕೆ ಕೂತಿದ್ದೆವು. ನೆಂಟರೊಬ್ಬರು ಎಲೆ ಮುಂದೆ ಕೂತವರೇ, "ಏನಪ್ಪಾ, ವಯಸ್ಸು 32 ಆಯ್ತು. ಊಟ ಯಾವಾಗ ಹಾಕಿಸ್ತೀಯ?" ಅಂದರು. ಅವನು ಎಲೆ ನೋಡ್ತಾ ಕೂತ. ನಾನು ಹೋಳಿಗೆ ತಂದು, "ಈಗ ಹಾಕಿರೋ ಊಟ ಮಾಡಿ ಮಾವ" ಅಂತ ಎರಡು ಬಡಿಸಿದೆ. ಎಲ್ಲರೂ ನಕ್ಕರು. ಚಿಕ್ಕಮ್ಮ ಮಾತ್ರ ನಗಲಿಲ್ಲ, ಮಗನ ಮುಖ ನೋಡ್ತಾ ಇದ್ದರು.

ಚಿಕ್ಕಪ್ಪ ತೀರಿಕೊಂಡ ಮೇಲೆ ಆ ಮನೆಯಲ್ಲಿ ಚಿಕ್ಕಮ್ಮ ಒಬ್ಬರೇ. ಅವತ್ತು ರಾತ್ರಿ ಅವನು ಹೇಳಿಬಿಟ್ಟ. ನಾನು ಪಕ್ಕದಲ್ಲಿದ್ದೆ. 2018ರ ಸೆಪ್ಟೆಂಬರ್ 6ರಂದೇ ಸುಪ್ರೀಂ ಕೋರ್ಟು ಇದು ಅಪರಾಧ ಅಲ್ಲ ಅಂದಿದೆ ಅಂತ ನಾನು ವಕೀಲರ ಥರ ಶುರು ಮಾಡಿದೆ. ಚಿಕ್ಕಮ್ಮ ಕೈ ಅಡ್ಡ ಹಿಡಿದು, "ಕೋರ್ಟು ನನ್ನ ಮಗನ್ನ ಹೆತ್ತಿಲ್ಲ, ಸುಮ್ನಿರು" ಅಂದರು. ಅತ್ತರು. ತಾನೇ ಏನೋ ತಪ್ಪು ಮಾಡಿದೆ ಅಂದರು. ಯಾವುದೋ ಹರಕೆ ಮರೆತಿದ್ದೇನೆ ಅಂದರು. ಎರಡು ದಿನ ಅವನ ಜೊತೆ ಸರಿಯಾಗಿ ಮಾತಾಡಲಿಲ್ಲ, ಆದರೆ ಎರಡು ದಿನವೂ ಬೆಳಿಗ್ಗೆ ಅವನಿಗಿಷ್ಟವಾದ ತಟ್ಟೆ ಇಡ್ಲಿ ಮಾಡಿದರು.

ಮೂರನೇ ದಿನ ಜಗಲಿಯಲ್ಲಿ ಅವರೆಕಾಯಿ ಬಿಡಿಸ್ತಾ ಕೂತಿದ್ದಾಗ ಅವನು ಫೋನಿನಲ್ಲಿ ಆ ಕೋರಸ್ ಹಾಡಿದ ಒಂದು ವಿಡಿಯೋ ತೋರಿಸಿದ. ನೂರಾರು ಗಂಡಸರು, ಕೋಟು ಹಾಕಿದ್ದಾರೆ, ಬೋಳು ತಲೆಯವರಿದ್ದಾರೆ, ಬಿಳಿ ಗಡ್ಡದವರಿದ್ದಾರೆ. ಭಾಷೆ ಗೊತ್ತಿಲ್ಲದಿದ್ದರೂ ಚಿಕ್ಕಮ್ಮ ತಲೆದೂಗುತ್ತಾ ಕೇಳಿದರು. ಭಜನೆಯವರಲ್ಲವಾ, ಶ್ರುತಿ ಸೇರಿದ್ದು ಗೊತ್ತಾಗುತ್ತೆ.

"ಮೇಲೆ ಹೋಗ್ತೈತಲ್ಲ ಒಂದು ಧ್ವನಿ, ಅದು ಹೆಂಗಸಿಂದಾ?"

"ಅಲ್ಲಮ್ಮ, ಗಂಡಸರೇ. ಫಸ್ಟ್ ಟೆನರ್ ಅಂತಾರೆ."

"ನಿಂದೂ ಹಿಂಗೇ ಇತ್ತು" ಅಂದರು. ಅವನು ಮಾತಾಡಲಿಲ್ಲ.

ಹಾಡು ಮುಗಿಯಿತು. ಚಿಕ್ಕಮ್ಮ ಬಿಡಿಸಿದ ಕಾಳು ಮೊರಕ್ಕೆ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಈ ಹಾಡು ಕೇಳೋಕೆ ಇವರ ಅಮ್ಮಂದಿರು ಬರ್ತಾರೇನೋ?"

"ಕೆಲವರ ಅಮ್ಮಂದಿರು ಬರ್ತಾರೆ. ಎಲ್ಲರದೂ ಬರಲ್ಲ."

ಅದಕ್ಕೆ ಅವರೇನೂ ಹೇಳಲಿಲ್ಲ.

ಚಿಕ್ಕಮ್ಮ ಪೂರ್ತಿ ಒಪ್ಪಿಬಿಟ್ಟರು ಅಂತ ಬರೆದರೆ ಸುಳ್ಳಾಗುತ್ತೆ. ಕಾಮಾಕ್ಷಿ ಗುಡಿಯಲ್ಲಿ ಏನೋ ಹರಕೆ ಹೊತ್ತಿದ್ದಾರೆ, ಏನಂತ ನಾನು ಕೇಳಿಲ್ಲ. ಬಯೋಡೇಟಾ ತರೋರಿಗೆ ಮಾತ್ರ "ಅವನಿಗೆ ಬೇಡ ಅಂದ್ರೆ ಬೇಡ" ಅಂತ ಅವರೇ ಹೇಳ್ತಾರೆ. ನಾನು ಮೊನ್ನೆ ಹೆಬ್ಬೂರಿಗೆ ಹೋಗಿದ್ದಾಗ ಕಾಫಿ ಕೊಡ್ತಾ, "ಆ ಹಾಡಿನ ಹಬ್ಬ ಯಾವತ್ತು?" ಅಂದರು.

"24ಕ್ಕೆ ಚಿಕ್ಕಮ್ಮ. ಅಲ್ಲಿ ಸಂಜೆ ಏಳಂದ್ರೆ ನಮಗೆ 25ರ ಬೆಳಿಗ್ಗೆ ಎಂಟೂವರೆ."

"ಆ ಹೊತ್ತಿಗೆ ಫೋನ್ ಮಾಡಬಾರದಲ್ವಾ, ಹಾಡು ಕೇಳ್ತಾ ಇರ್ತಾನೆ. ಮುಗಿದ ಮೇಲೆ ಮಾಡಿದ್ರಾಯ್ತು. ಒಬ್ಬನೇ ಇರ್ತಾನೆ" ಅಂದರು.

ಈ ಸಲ ನಿಮ್ಮ ಮನೆಗೂ ಹಬ್ಬಕ್ಕೆ ಯಾರಾದರೂ ಬರ್ತಾರೆ, ಅಥವಾ ಏನೋ ನೆಪ ಹೇಳಿ ಬರೋದಿಲ್ಲ. ಬಂದರೆ ಊಟ ಬಡಿಸಿ, ಪ್ರಶ್ನೆ ಬೇಡ. ಬರದಿದ್ದರೆ ಒಂದು ಫೋನ್ ಮಾಡಿ.