ಚಾರ್ವಾಕ ಹೇಳಿರೆ ಬೈಗಳೋ?

ಮೊನ್ನೆ ಮಾವನ ತಿಥಿಯ ದಿನ ಮೈದುನನ ಮಗಳು ಬಳುಸುವಗ ಕೇಳಿತ್ತು, “ದೊಡ್ಡಮ್ಮ, ಇಲ್ಲಿ ಬಳುಸಿದ್ದು ಅಜ್ಜಂಗೆ ಅಲ್ಲಿ ಎತ್ತುದು ಹೇಂಗೆ?”

ಉತ್ತರ ಆರೂ ಕೊಟ್ಟಿದವಿಲ್ಲೆ. ಹಂತಿಲಿ ಕೂದ ಹೆರಿಯೋರು ಒಬ್ಬರು, “ನಮ್ಮ ಮನೆಲಿಯೂ ಒಂದು ಚಾರ್ವಾಕ ಹುಟ್ಟಿತ್ತನ್ನೆ!” ಹೇಳಿದವು. ಎಲ್ಲೋರೂ ನೆಗೆ ಮಾಡಿದವು. ಕೂಸಿನ ಮೋರೆ ಸಣ್ಣ ಆತು.

ಆ ಹೆಸರಿಂಗೆ ಈಗ ನಮ್ಮ ಬಾಯಿಲಿ ಒಳುದ ಅರ್ಥ ಇಷ್ಟೇ: ದೇವರಿಲ್ಲೆ ಹೇಳುವವ°, ಸಾಲ ಮಾಡಿಯಾದರೂ ತುಪ್ಪ ಉಂಬವ°. ಬಿಡುಸಿ ನೋಡಿರೆ ‘ಚಾರು ವಾಕ್’, ಚೆಂದದ ಮಾತಿನವ° ಹೇಳಿ ಒಂದು ಅರ್ಥ. ಅಗಿವದು ಹೇಳುವ ‘ಚರ್ವ’ ಧಾತುವಿಂದ ಬಂದದು ಹೇಳಿಯೂ ಹೇಳ್ತವು. ನವಗೆ ನೆಂಪು ಒಳುದ್ದು ಅಗಿವದು ಮಾತ್ರ.

ಅವು ಕೇಳಿಯೊಂಡಿದ್ದದು ಎಂತರ? ಹೊಗೆ ಇದ್ದಲ್ಲಿ ಕಿಚ್ಚು ಇದ್ದು ಹೇಳುವದಕ್ಕೆ ತರ್ಕಶಾಸ್ತ್ರದವು ಕೊಡುವ ಉದಾಹರಣೆ ನಮ್ಮ ಅಡಿಗೆಮನೆಯೇ. ನಿನ್ನ ಒಲೆಲಿ ಕಂಡದು ಸರಿ, ಎಲ್ಲ ದಿಕ್ಕೆ, ಎಲ್ಲ ಕಾಲಲ್ಲಿಯೂ ಹಾಂಗೇ ಹೇಳಿ ನೋಡಿದ್ದು ಆರು? ಇದು ಚಾರ್ವಾಕರ ಪ್ರಶ್ನೆ. ಕಣ್ಣಾರೆ ಕಂಡದೇ ಪ್ರಮಾಣ ಹೇಳುದು ಅವರ ವಾದ.

ಅವರ ಮೂಲಗ್ರಂಥ ಇಡಿಯಾಗಿ ಒಳುದ್ದಿಲ್ಲೆ. ನವಗೆ ಗೊಂತಿಪ್ಪದರ ಹೆಚ್ಚಿನದೂ ಅವರ ಒಪ್ಪದ್ದವು ಬರದ್ದು. ಜಗಳ ಆಗಿ ಮಾತು ಬಿಟ್ಟ ಆಚಮನೆಯವರ ಬಾಯಿಂದಲೇ ಒಂದು ಸೊಸೆಯ ಕತೆ ಕೇಳಿರೆ ಎಷ್ಟು ಸತ್ಯ ಗೊಂತಕ್ಕು? ತುಪ್ಪದ ಮಾತೂ ಹಾಂಗೇ ಬಂದದು.

14ನೇ ಶತಮಾನದ ಮಾಧವಾಚಾರ್ಯರ ‘ಸರ್ವದರ್ಶನಸಂಗ್ರಹ’ಲ್ಲಿ ಸುರುವಾಣ ಅಧ್ಯಾಯವೇ ಚಾರ್ವಾಕರದ್ದು. ನಮ್ಮ ಕೂಸು ಕೇಳಿದ್ದುದೇ ಅದರಲ್ಲಿ ಇದ್ದು: ಇಲ್ಲಿ ಬಳುಸಿದ್ದು ಸತ್ತವಕ್ಕೆ ಎತ್ತುತ್ತು ಹೇಳಿ ಆದರೆ, ದಾರಿ ಹೋಪವಂಗೆ ಬುತ್ತಿ ಕಟ್ಟುದೆಂತಕೆ? ಆಚಾರ್ಯರು ವೇದಾಂತಿ, ಅದರ ಒಪ್ಪುವವಲ್ಲ. ಆದರೂ ಆ ಪ್ರಶ್ನೆಯ ಮುಚ್ಚಿ ಮಡಗಿದವಿಲ್ಲೆ, ಬರದು ಮಡಗಿದವು. ನವಗೆ ಅಷ್ಟುದೇ ಎಡಿಯದೋ?

ತಿಥಿ ಆನು ಬಿಡ್ತಿಲ್ಲೆ. ಬಪ್ಪ ವರ್ಷವೂ ಸುಟ್ಟವು ಮಾಡುವೆ. ಆದರೆ ಕೇಳಿದ ಮಕ್ಕಳ ಬಾಯಿಯ ಒಂದು ಹೆಸರು ಹೇಳಿ ಮುಚ್ಚುಸುದು ಸರಿ ಅಲ್ಲ. ಗೊಂತಿದ್ದರೆ ಹೇಳುವ°, ಗೊಂತಿಲ್ಲದ್ದರೆ ಗೊಂತಿಲ್ಲೆ ಹೇಳುವ°.

ಇರುಳು ಕೂಸಿನ ಹತ್ತರೆ ಕೂರುಸಿ ಹೇಳಿದೆ, “ಎತ್ತುತ್ತೋ ಎನಗೂ ಗೊಂತಿಲ್ಲೆ ಮಗಳೇ. ಅಜ್ಜನ ನೆಂಪಿಂಗೆ ಮಾಡುದು.”

ರಜ್ಜ ಹೊತ್ತು ಸುಮ್ಮನೆ ಕೂದತ್ತು. ಮತ್ತೆ ಕೇಳಿತ್ತು, “ಅಂಬಗ ಅಜ್ಜಂಗೆ ಸುಟ್ಟವು ಕುಶಿಯೋ?”