ದೇವನಹಳ್ಳಿ ಚಕ್ಕೋತ ತಿಂದರೆ ಎಚ್‌ಐವಿ ಮಾತ್ರೆಯ ಶಕ್ತಿ ಹೋಗುತ್ತದೆಯೇ?

ಹುಳಿ ತಿಂದರೆ ಮಾತ್ರೆಯ ಶಕ್ತಿ ಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಹಳೆಯದು. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ದೇವನಹಳ್ಳಿ ಚಕ್ಕೋತದ ವಿಷಯದಲ್ಲಿ ನಿಜ ಇದಕ್ಕೆ ಬಹುಮಟ್ಟಿಗೆ ತಿರುವುಮುರುವು.

ಚಕ್ಕೋತ ಮತ್ತು ಕಿತ್ತಳೆಯ ಸಂಕರವೇ ಗ್ರೇಪ್‌ಫ್ರೂಟ್. 1989ರಲ್ಲಿ ಕೆನಡಾದ ಸಂಶೋಧಕರು ರಕ್ತದೊತ್ತಡದ ಮಾತ್ರೆಯೊಂದನ್ನು ಪರೀಕ್ಷಿಸುವಾಗ ಮದ್ಯದ ರುಚಿ ಮರೆಮಾಚಲು ಇದರ ರಸ ಬಳಸಿದರು. ರಕ್ತದಲ್ಲಿ ಔಷಧಿ ನಿರೀಕ್ಷೆಗಿಂತ ಬಹಳ ಹೆಚ್ಚಿತ್ತು! ಕರುಳಿನ ಗೋಡೆಯಲ್ಲಿ ಔಷಧಿಯನ್ನು ಒಡೆಯುವ ಕಿಣ್ವವನ್ನು ಹಣ್ಣಿನ ಫ್ಯುರಾನೊಕೂಮರಿನ್‌ಗಳು ತಡೆಯುತ್ತವೆ. ಇವು ಚಕ್ಕೋತದಲ್ಲೂ ಇವೆ, ಪ್ರಮಾಣ ತಳಿಯಿಂದ ತಳಿಗೆ ಬೇರೆ. ಎಚ್‌ಐವಿಯ ಹಳೆಯ ಔಷಧಿ ಸಕ್ವಿನಾವಿರ್ ನುಂಗಿದವರಲ್ಲೂ ಗ್ರೇಪ್‌ಫ್ರೂಟ್ ರಸ ಮಟ್ಟವನ್ನು ಏರಿಸಿತು. ಅದೇ ಔಷಧಿಯನ್ನು ರಕ್ತನಾಳಕ್ಕೆ ಚುಚ್ಚಿದಾಗ ಏರಿಸಲಿಲ್ಲ.

ಇದೆಲ್ಲ ತಿಳಿಯುವುದು ಹೇಗೆ? ರಕ್ತವನ್ನು ಯಂತ್ರದಲ್ಲಿ ತಿರುಗಿಸಿದರೆ ಕಣಗಳು ತಳ ಸೇರಿ ಮೇಲೆ ಹಳದಿ ಪ್ಲಾಸ್ಮಾ ನಿಲ್ಲುತ್ತದೆ. ಅದಕ್ಕೆ ಅಸಿಟೊನೈಟ್ರೈಲ್ ಬೆರೆಸಿದರೆ, ಹಾಲು ಒಡೆದಂತೆ, ಪ್ರೋಟೀನು ಗಟ್ಟಿಯಾಗುತ್ತದೆ. ಉಳಿದ ತಿಳಿಯನ್ನು ಸಿಲಿಕಾ ತುಂಬಿದ ಕಿರುಗೊಳವೆಯೊಳಗೆ ಒತ್ತಡದಿಂದ ಹರಿಸುತ್ತಾರೆ. ಕೆಲವು ವಸ್ತುಗಳು ಸಿಲಿಕಾದ ಲೇಪಕ್ಕೆ ಅಂಟಿಕೊಂಡು ತಡವಾಗಿ, ಕೆಲವು ಬೇಗ ಹೊರಬರುತ್ತವೆ. ಇದೇ ಲಿಕ್ವಿಡ್ ಕ್ರೊಮಟೊಗ್ರಫಿ. ತುದಿಯ ಪತ್ತೆಯಂತ್ರ ಔಷಧಿಯ ಸರದಿ ಬಂದಾಗ ಒಂದು ಶಿಖರ ಬರೆಯುತ್ತದೆ. ಪ್ರಮಾಣ ಗೊತ್ತಿರುವ ಮಾದರಿಗಳ ಶಿಖರಗಳೊಂದಿಗೆ ಹೋಲಿಸಿದರೆ ಮಿಲಿಲೀಟರಿಗೆ ಎಷ್ಟು ಎಂದು ಸಿಗುತ್ತದೆ. ಎಫಾವಿರೆಂಜ್‌ಗೆ ಸಾಮಾನ್ಯವಾಗಿ 1ರಿಂದ 4 ಮೈಕ್ರೊಗ್ರಾಂ ಇರಬೇಕೆನ್ನುತ್ತಾರೆ. ಕಡಿಮೆಯಾದರೆ ವೈರಸ್ ಔಷಧಿಗೆ ಬಗ್ಗದಂತಾಗಬಹುದು, ಹೆಚ್ಚಾದರೆ ತಲೆಸುತ್ತು, ಕೆಟ್ಟ ಕನಸು. ಆದರೆ ಕೊನೆಯ ಮಾತ್ರೆ ಎಷ್ಟು ಗಂಟೆಗೆ ನುಂಗಿದ್ದೆಂದು ಬರೆದಿರದಿದ್ದರೆ ಈ ಅಂಕಿಗೆ ಅರ್ಥವಿಲ್ಲ.

ಈಗ ಎಆರ್‌ಟಿ ಕೇಂದ್ರಗಳಲ್ಲಿ ಹೆಚ್ಚಾಗಿ ಕೊಡುವ ಡೊಲುಟೆಗ್ರಾವಿರ್ ಮುಖ್ಯವಾಗಿ ಬೇರೊಂದು ಕಿಣ್ವದಿಂದ ಕರಗುತ್ತದೆ. ಹಾಗಾಗಿ ಅದನ್ನು ನುಂಗುವವರು ನಾಲ್ಕು ತೊಳೆ ಚಕ್ಕೋತಕ್ಕೆ ಹೆದರಬೇಕಿಲ್ಲ. ಹೆದರಿ ಮಾತ್ರೆ ಬಿಡುವುದೇ ಅಪಾಯ. ನಮ್ಮ ದೃಷ್ಟಿಯಲ್ಲಿ ನಿಜವಾಗಿ ಗಮನ ಬೇಕಾದದ್ದು ಬೇರೆಡೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಡೊಲುಟೆಗ್ರಾವಿರ್ ಮಟ್ಟವನ್ನು ಇಳಿಸುತ್ತದೆ, ಅದಕ್ಕಾಗಿಯೇ ಆಗ 50 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ ಎರಡು ಬಾರಿ ಕೊಡುತ್ತಾರೆ. ಗ್ಯಾಸ್ಟ್ರಿಕ್‌ಗೆಂದು ಕುಡಿಯುವ ಆಂಟಾಸಿಡ್ ಕೂಡ ಅದನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತದೆ: ಮಾತ್ರೆಯನ್ನು ಅದಕ್ಕಿಂತ 2 ಗಂಟೆ ಮೊದಲು ಇಲ್ಲವೇ 6 ಗಂಟೆ ನಂತರ ನುಂಗಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೂ ಇದೇ ಅಂತರ; ಊಟದೊಂದಿಗಾದರೆ ಇವನ್ನು ಜೊತೆಗೇ ನುಂಗಬಹುದು.